ಪೂಲ್ ಪಂಪಿಗೆ ಎಚ್‌ಪಿ ಕೇಳಬೇಡಿ, ನಿಧಾನಕ್ಕೆ ಹೇಗೆ ಓಡುತ್ತದೆ ಅಂತ ಕೇಳಿ

ಮನೆಯಲ್ಲಿ ಈಜುಕೊಳ ಇರುವವರು ಪಂಪು ಬದಲಾಯಿಸಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ಒಂದೇ. "ಎಷ್ಟು ಎಚ್‌ಪಿ ಹಾಕಿಸಲಿ?" ಮಾರುವವರಿಗೂ ಈ ಪ್ರಶ್ನೆ ಇಷ್ಟ. ಈಗ ಒಂದು ಎಚ್‌ಪಿ ಇದ್ದರೆ ಒಂದೂವರೆ ತಗೊಳ್ಳಿ, ಸ್ವಲ್ಪ ಜಾಸ್ತಿನೇ ಇರಲಿ ಅಂದುಬಿಡುತ್ತಾರೆ. ವೇರಿಯಬಲ್ ಸ್ಪೀಡ್ ಪಂಪಿನ, ಅಂದರೆ ವೇಗವನ್ನು ಬೇಕಾದಷ್ಟಕ್ಕೆ ಹೊಂದಿಸಬಹುದಾದ ಪಂಪಿನ ವಿಷಯದಲ್ಲಿ ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಅಂತ ನನ್ನ ಅಭಿಪ್ರಾಯ. ಈ ಪಂಪು ದಿನದ ಬಹುಪಾಲು ಹೊತ್ತು ಪೂರ್ತಿ ವೇಗದಲ್ಲಿ ಓಡಲೇಬಾರದು. ಹಾಗೆ ಓಡಿಸುವುದಾದರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಹಳೇ ಪಂಪಿನ ಕಥೆ ಗೊತ್ತಲ್ವಾ. ಅದಕ್ಕೆ ಇರುವುದು ಒಂದೇ ವೇಗ. 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ ಸುಮಾರು 2,900 ಸುತ್ತು, 60 ಹರ್ಟ್ಸ್ ಇರುವ ಕಡೆ ಸುಮಾರು 3,450. ಬ್ಯಾಕ್‌ವಾಷ್ ಮಾಡಲು (ನೀರನ್ನು ತಿರುಗಾ ಹರಿಸಿ ಫಿಲ್ಟರು ತೊಳೆಯಲು), ತಳದ ಕಸ ಹೀರುವ ಕ್ಲೀನರ್ ಎಳೆಯಲು ಎಷ್ಟು ಜೋರು ಬೇಕು ಅಂತ ನೋಡಿ ಪಂಪು ಹಾಕಿಸಿರುತ್ತಾರೆ. ಆಮೇಲೆ ಸುಮ್ನೆ ನೀರು ಸೋಸುವುದಕ್ಕೂ ಅದೇ ಜೋರು. ಅಪರೂಪಕ್ಕೆ ಹತ್ತು ನಿಮಿಷ ಬೇಕಾಗುವ ಶಕ್ತಿಗೆ ದಿನಾ ಗಂಟೆಗಟ್ಟಲೆ ಬಿಲ್ಲು ಕಟ್ಟುತ್ತೇವೆ.

ವೇರಿಯಬಲ್ ಸ್ಪೀಡ್ ಪಂಪಿನಲ್ಲಿ ಸಾಮಾನ್ಯವಾಗಿ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು ಇರುತ್ತದೆ. ಅದರ ತಲೆಯ ಮೇಲೆ ವೇಗ ಬದಲಾಯಿಸುವ ಎಲೆಕ್ಟ್ರಾನಿಕ್ ಡ್ರೈವ್ ಕೂತಿರುತ್ತದೆ. ಅನೇಕ ಪಂಪುಗಳು 600 ಆರ್‌ಪಿಎಂನಿಂದ (ನಿಮಿಷಕ್ಕೆ ಇಷ್ಟು ಸುತ್ತು ಅಂತ) 3,450ರವರೆಗೆ ಹೇಳಿದ ವೇಗಕ್ಕೆ ಓಡುತ್ತವೆ. ಉಳಿತಾಯ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ವೇಗ ಅರ್ಧ ಮಾಡಿದರೆ ನೀರು ಅರ್ಧ ಬರುತ್ತದೆ. ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಪಂಪಿಗೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರು ಅರ್ಧ ಬರುವುದರಿಂದ ಎರಡರಷ್ಟು ಹೊತ್ತು ಓಡಿಸಬೇಕು, ಸರಿ. ಆದರೂ ಕರೆಂಟಿನ ಖರ್ಚು ಕಾಲು ಭಾಗಕ್ಕೇ ನಿಲ್ಲುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಕೊಳದಲ್ಲಿ 48,000 ಲೀಟರ್ ನೀರಿದೆ ಅಂದುಕೊಳ್ಳಿ. ಪೂರ್ತಿ ವೇಗದಲ್ಲಿ ಪಂಪು 1,500 ವ್ಯಾಟ್ ತಿಂದು ಗಂಟೆಗೆ 16,000 ಲೀಟರ್ ಕೊಡುತ್ತದೆ. ಮೂರು ಗಂಟೆಯಲ್ಲಿ ಅಷ್ಟೂ ನೀರು ಒಂದು ಸುತ್ತು ಬರುತ್ತದೆ, ನಾಲ್ಕೂವರೆ ಯೂನಿಟ್ ಆಗುತ್ತದೆ. ಅರ್ಧ ವೇಗದಲ್ಲಿ ಲೆಕ್ಕದ ಪ್ರಕಾರ 190 ವ್ಯಾಟಿಗಿಂತ ಕಡಿಮೆ ಸಾಕು. ಆದರೆ ನಿಧಾನ ವೇಗದಲ್ಲಿ ಮೋಟಾರು ಮತ್ತು ಡ್ರೈವ್ ತಮ್ಮ ಪಾಲು ಸ್ವಲ್ಪ ಜಾಸ್ತಿ ತಿನ್ನುತ್ತವೆ. 250 ಅಂತಲೇ ಇಟ್ಟುಕೊಳ್ಳಿ. ಆರು ಗಂಟೆ ಓಡಿದರೂ ಒಂದೂವರೆ ಯೂನಿಟ್. ಅದೇ ನೀರು, ಅದೇ ಕೊಳ.

"ನಮ್ಮ ಮನೆ ಮೇಲಿನ ಟ್ಯಾಂಕಿನ ಮೋಟಾರಿಗೂ ಡ್ರೈವ್ ಹಾಕಿದ್ವಿ, ಏನೂ ಉಳಿಯಲಿಲ್ಲ" ಅಂತ ಯಾರಾದರೂ ಹೇಳಬಹುದು. ಅವರು ಹೇಳುವುದು ನಿಜವೇ ಇರುತ್ತದೆ. ಟ್ಯಾಂಕಿಗೆ ನೀರನ್ನು ಎತ್ತರಕ್ಕೆ ಎತ್ತಲೇಬೇಕು. ವೇಗ ಇಳಿಸಿದರೆ ಒತ್ತಡ ಬೇಗ ಕುಸಿಯುತ್ತದೆ, ಒಂದು ಹಂತದ ಕೆಳಗೆ ನೀರು ಮೇಲೆ ಹತ್ತುವುದೇ ಇಲ್ಲ. ಈಜುಕೊಳದಲ್ಲಿ ಹಾಗಲ್ಲ. ಕೊಳದಿಂದ ಹೊರಟ ನೀರು ಅದೇ ಕೊಳಕ್ಕೆ, ಅದೇ ಮಟ್ಟಕ್ಕೆ ವಾಪಸ್ ಬರುತ್ತದೆ. ಪಂಪು ಗೆಲ್ಲಬೇಕಾದದ್ದು ಪೈಪು, ಎಲ್ಬೋ (ಪೈಪಿನ ತಿರುವು), ವಾಲ್ವ್, ಫಿಲ್ಟರುಗಳ ತಿಕ್ಕಾಟವನ್ನು ಮಾತ್ರ. ಆ ತಿಕ್ಕಾಟ ನೀರು ನಿಧಾನವಾದ ಕೂಡಲೇ ಕರಗಿಬಿಡುತ್ತದೆ. ಇಂಥ ಪಂಪಿಗೆ ಈಜುಕೊಳದಷ್ಟು ಹೇಳಿ ಮಾಡಿಸಿದ ಜಾಗ ಸಿಗುವುದು ಕಷ್ಟ.

ದಿನಕ್ಕೆ ಎಷ್ಟು ಸುತ್ತು ಬೇಕು ಅನ್ನುವುದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. 48,000 ಲೀಟರ್ ಪಂಪಿನಿಂದ ಹೋಯಿತು ಅಂದರೆ ಕೊಳದ ಪ್ರತಿ ಹನಿಯೂ ಫಿಲ್ಟರು ನೋಡಿತು ಅಂತ ಅರ್ಥ ಅಲ್ಲ. ಸೋಸಿದ ನೀರು ಬಂದು ಸೋಸದ ನೀರಿಗೇ ಸೇರುತ್ತದೆ. ಚೆನ್ನಾಗಿ ಬೆರೆತರೂ ಒಂದು ಸುತ್ತಿಗೆ ಸುಮಾರು 63 ಶೇಕಡಾ ನೀರು ಮಾತ್ರ ಫಿಲ್ಟರ್ ದಾಟಿರುತ್ತದೆ. ಎರಡು ಸುತ್ತಿಗೆ 86, ಮೂರಕ್ಕೆ 95. ಎರಡನೇ ಸುತ್ತಿನ ಲಾಭ ಮೊದಲಿನದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಒಂದೇ ವೇಗದ ಪಂಪಿನಲ್ಲಿ ಎರಡನೇ ಸುತ್ತು ದುಬಾರಿ ಅಂತ ಜನ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಓಡಿದರೆ ಅದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ. ಜೊತೆಗೆ ಮರಳಿನ ಫಿಲ್ಟರು ನೀರು ನಿಧಾನವಾಗಿ ಇಳಿದಾಗ ಸಣ್ಣ ಕೊಳೆಯನ್ನು ಚೆನ್ನಾಗಿ ಹಿಡಿಯುತ್ತದೆ. ಜೋರಾಗಿ ಹೋದರೆ ಹಿಡಿದದ್ದನ್ನೂ ಕೆಳಗೆ ತಳ್ಳುತ್ತದೆ.

ಇನ್ನು ಪೈಪು. ಪಂಪಿನ ಬ್ರೋಷರ್ ಓದಿ ಓದಿ ಕಣ್ಣು ನೋಯಿಸಿಕೊಳ್ಳುವವರು ಪೈಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಂಪು ಕೊಳದಿಂದ ಎಳೆಯುವ ಕಡೆಯ ಪೈಪಿನಲ್ಲಿ ನೀರು ಸೆಕೆಂಡಿಗೆ 1.8 ಮೀಟರ್‌ಗಿಂತ ಜೋರಾಗಿ ಹೋಗಬಾರದು ಅನ್ನುವುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಲೆಕ್ಕ. ಒಳಗಿನ ಅಗಲ 40 ಮಿ.ಮೀ. ಇದ್ದರೆ ಆ ವೇಗದಲ್ಲಿ ಗಂಟೆಗೆ ಸುಮಾರು 8,000 ಲೀಟರ್ ಹೋಗುತ್ತದೆ. 50 ಮಿ.ಮೀ. ಇದ್ದರೆ 12,500ರ ಹತ್ತಿರ. ಅಷ್ಟೇ ನೀರಿಗೆ 50ರ ಪೈಪಿನಲ್ಲಿ ತಿಕ್ಕಾಟ 40ರದ್ದರ ಮೂರನೇ ಒಂದು ಭಾಗ! ಚಿಕ್ಕ ಬಾಗಿಲಲ್ಲಿ ಜನ ನುಗ್ಗಿದ ಹಾಗೆ, ಹಿಂದಿನಿಂದ ಎಷ್ಟು ತಳ್ಳಿದರೂ ಗದ್ದಲ ಹೆಚ್ಚುತ್ತದೆಯೇ ಹೊರತು ಜನ ಬೇಗ ಹೊರಗೆ ಬರುವುದಿಲ್ಲ. 40ರ ಪೈಪಿಗೆ ಮೂರು ಎಚ್‌ಪಿ ಪಂಪು ಕಟ್ಟಿದವರ ಕಥೆ ಇದೇ. ಹೊಸ ಕೊಳ ಕಟ್ಟುತ್ತಿದ್ದರೆ ದಪ್ಪ ಪೈಪು ಹಾಕಿಸಲು ಹಟ ಹಿಡಿಯಿರಿ. ಆಮೇಲೆ ನೆಲ ಅಗೆಯುವ ಕೆಲಸ ಯಾರಿಗೂ ಬೇಡ.

ಹಾಗಾದರೆ ಎಷ್ಟು ನಿಧಾನ? ಇಳಿಸಿದಷ್ಟೂ ಲಾಭ ಅಂತ 600ಕ್ಕೆ ಇಟ್ಟು ಕೂರಲು ಆಗುವುದಿಲ್ಲ. ಕೆಳಗಿನ ಮಿತಿಯನ್ನು ಹೇಳುವುದು ಪಂಪಲ್ಲ, ಅದರ ಜೊತೆಗಿರುವ ಸಾಮಾನುಗಳು. ಹೀಟರಿಗೆ ಇಂತಿಷ್ಟು ನೀರು ಹರಿಯಲೇಬೇಕು, ಅದು ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಉಪ್ಪು ನೀರಿನಿಂದಲೇ ಕ್ಲೋರಿನ್ ಮಾಡುವ ಕ್ಲೋರಿನೇಟರಿಗೆ ಫ್ಲೋ ಸ್ವಿಚ್ ಇರುತ್ತದೆ, ಹರಿವು ಕಡಿಮೆಯಾದರೆ ಕ್ಲೋರಿನ್ ಮಾಡುವುದನ್ನೇ ನಿಲ್ಲಿಸುತ್ತದೆ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್‌ನಲ್ಲಿ ನೀರು ಕಾಯಿಸುವವರು ಮೊದಲು ನೀರನ್ನು ಮೇಲೆ ಹತ್ತಿಸಲು ವೇಗ ಏರಿಸಲೇಬೇಕು.

ನಾನು ವೇಗ ಹೊಂದಿಸಿದ್ದು ಮ್ಯಾನ್ಯುಯಲ್ ನೋಡಿ ಅಲ್ಲ, ಕೊಳದ ಪಕ್ಕ ಕೂತು. 2,000ದಿಂದ ಶುರು ಮಾಡಿ 100 100 ಆರ್‌ಪಿಎಂ ಇಳಿಸುತ್ತಾ ಬಂದೆ, ಪ್ರತಿ ಸಲ ಕೆಲವು ನಿಮಿಷ ಬಿಟ್ಟು. ಮೊದಲು ಸೋತದ್ದು ಸ್ಕಿಮ್ಮರ್, ಅಂದರೆ ತೇಲುವ ಕಸವನ್ನು ಎಳೆದುಕೊಳ್ಳುವ ಬಾಯಿ. ಜೋರಿದ್ದಾಗ ಅದರ ಬಾಯಿಯ ಪುಟ್ಟ ಫ್ಲ್ಯಾಪ್ ಒಳಕ್ಕೆ ಬಾಗಿರುತ್ತದೆ, ತೇಲಿ ಬಂದ ಎಲೆ ಅದರ ಮೇಲಿನಿಂದ ಜಾರಿ ಬುಟ್ಟಿಗೆ ಬೀಳುತ್ತದೆ. 1,300ರ ಹತ್ತಿರ ಒಂದು ಒಣ ಎಲೆ ಬಾಯಿವರೆಗೂ ಬಂತು, ಅಲ್ಲೇ ಒಂದು ಸುತ್ತು ತಿರುಗಿತು, ಗಾಳಿ ಬೀಸಿದ್ದೇ ವಾಪಸ್ ಹೊರಟಿತು. ಇನ್ನೂ ಇಳಿಸಿದೆ. 1,100ಕ್ಕೆ ಕ್ಲೋರಿನೇಟರಿನ ಹಸಿರು ದೀಪ ಕೆಂಪಾಯಿತು. ಅಲ್ಲಿಗೆ ಲೆಕ್ಕ ಸಿಕ್ಕಿತು. ದಿನವಿಡೀ 1,300. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ 2,200, ಎಲೆ ಎಳೆಯಲು. ಕೆಂಪು ದೀಪಕ್ಕಿಂತ ಒಂದಷ್ಟು ಮೇಲೆ ಇಟ್ಟದ್ದಕ್ಕೆ ಕಾರಣ ಇದೆ. ಫಿಲ್ಟರು ಕಟ್ಟುತ್ತಾ ಹೋದಂತೆ ಅದೇ ವೇಗಕ್ಕೆ ನೀರು ಕಡಿಮೆಯಾಗುತ್ತದೆ, ತೀರಾ ಅಂಚಿಗೆ ಇಟ್ಟರೆ ಸ್ವಲ್ಪ ದಿನಕ್ಕೇ ದೀಪ ಮತ್ತೆ ಕೆಂಪಾಗುತ್ತದೆ. ನಿಮ್ಮ ಕೊಳದಲ್ಲಿ ಈ ಅಂಕಿಗಳು ಬೇರೆಯೇ ಇರುತ್ತವೆ. ನನ್ನದನ್ನು ನಕಲು ಮಾಡಬೇಡಿ, ಕೂತು ನೋಡುವುದನ್ನು ಮಾತ್ರ ಮಾಡಿ.

ಕ್ಲೋರಿನೇಟರ್ ಇರುವವರಿಗೆ ಒಂದು ಸಮಾಧಾನ. ಅದರೊಳಗಿನ ಸೆಲ್ ಕ್ಲೋರಿನ್ ಮಾಡುವುದು ಎಷ್ಟು ಹೊತ್ತು ಓಡಿತು ಅನ್ನುವುದರ ಮೇಲೆ, ನೀರು ಎಷ್ಟು ಜೋರಾಗಿ ಹೋಯಿತು ಅನ್ನುವುದರ ಮೇಲಲ್ಲ. ಹಾಗಾಗಿ ನಿಧಾನವಾಗಿ, ಜಾಸ್ತಿ ಹೊತ್ತು ಓಡುವುದು ಅದಕ್ಕೂ ಒಳ್ಳೆಯದೇ.

ಬಹಳ ಜನರಿಗೆ ಹೊಳೆಯದ ಒಂದು ವಿಷಯ ಪ್ರೆಶರ್ ಗೇಜ್. ಮೊದಲೆಲ್ಲ ಮುಳ್ಳು ಏರಿದರೆ ಫಿಲ್ಟರು ಕಟ್ಟಿದೆ ಅಂತ ಗೊತ್ತಾಗುತ್ತಿತ್ತು. ಈಗ ಅರ್ಧ ವೇಗದಲ್ಲಿ ಒತ್ತಡವೇ ಕಾಲು ಭಾಗ. ಪೂರ್ತಿ ವೇಗದಲ್ಲಿ 0.8 ಬಾರ್ ತೋರಿಸುತ್ತಿದ್ದದ್ದು 0.2 ತೋರಿಸುತ್ತದೆ. ಫಿಲ್ಟರು ಅರ್ಧ ಕಟ್ಟಿದ್ದರೂ ಮುಳ್ಳು ಕೂದಲೆಳೆಯಷ್ಟು ಅಲ್ಲಾಡುತ್ತದೆ, ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಫಿಲ್ಟರು ತೊಳೆದ ದಿನ ಒಂದು ನಿಗದಿತ ಜೋರಿನ ವೇಗಕ್ಕೆ ಇಟ್ಟು ಗೇಜ್ ಎಷ್ಟಿದೆ ಅಂತ ಬರೆದಿಡಿ. ಮತ್ತೆ ನೋಡುವಾಗ ಅದೇ ವೇಗಕ್ಕೆ ಇಟ್ಟೇ ನೋಡಿ.

ಸದ್ದು ಕಡಿಮೆ ಅನ್ನುವುದು ದೊಡ್ಡ ಸುಖ. ಪಂಪಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡಬಹುದು. ಅದರಲ್ಲೇ ಒಂದು ಅಪಾಯವೂ ಇದೆ. ಪಂಪು ಓಡುತ್ತಿರುವುದು ಗೊತ್ತಾಗದೆ ಮಲ್ಟಿಪೋರ್ಟ್ ವಾಲ್ವಿನ (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವಿನ) ಹಿಡಿ ತಿರುಗಿಸಿಬಿಡುತ್ತಾರೆ, ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ. ಹಿಡಿ ಮುಟ್ಟುವ ಮುಂಚೆ ಪಂಪು ನಿಲ್ಲಿಸಿದ್ದೇನಾ ಅಂತ ಡಿಸ್‌ಪ್ಲೇ ನೋಡಿ, ಕಿವಿಯನ್ನು ನಂಬಬೇಡಿ. ಬ್ಯಾಕ್‌ವಾಷ್ ಮಾತ್ರ ಜೋರಾಗಿಯೇ ಆಗಬೇಕು. ಮರಳು ಮೇಲೆದ್ದು ಕುದಿಯುವಷ್ಟು ನೀರು ಬೇಕು, 600 ಮಿ.ಮೀ. ಅಗಲದ ಫಿಲ್ಟರಿಗೆ ಗಂಟೆಗೆ 10,000 ಲೀಟರ್ ಮೇಲೆ. ಪಂಪು ದೊಡ್ಡದಿರಬೇಕಾದ್ದು ಇದಕ್ಕೆ, ದಿನದ ಕೆಲಸಕ್ಕಲ್ಲ.

ಈಗ ಡ್ರೈವ್ ಬಗ್ಗೆ, ಯಾಕೆಂದರೆ ಮೊದಲು ಕೈ ಕೊಡುವ ಭಾಗಗಳಲ್ಲಿ ಅದೂ ಒಂದು. ಬಿಸಿಲು, ಸೆಕೆ, ವೋಲ್ಟೇಜ್ ಏರಿಳಿತ, ಸಿಡಿಲು, ಯಾವುದೂ ಅದಕ್ಕೆ ಆಗುವುದಿಲ್ಲ. ಹಳೇ ಮೋಟಾರು ಸುಟ್ಟರೆ ಕಾಯಿಲ್ ಸುತ್ತಿಸಿ ತರಬಹುದಿತ್ತು, ಡ್ರೈವ್ ಹೋದರೆ ಸಾಮಾನ್ಯವಾಗಿ ಇಡೀ ಡ್ರೈವ್ ಬದಲಾಯಿಸುತ್ತಾರೆ. ನೆರಳು, ಗಾಳಿ ಮತ್ತು ಸರ್ಜ್ ಪ್ರೊಟೆಕ್ಟರ್ ಮೂರನ್ನೂ ಪಂಪಿನ ಬೆಲೆಯ ಜೊತೆಗೇ ಲೆಕ್ಕಕ್ಕೆ ಹಿಡಿಯಿರಿ. ಕರೆಂಟು ಹೋಗಿ ಬಂದಾಗ ಗಡಿಯಾರ, ಟೈಮರ್ ನೆನಪಿಟ್ಟುಕೊಳ್ಳುತ್ತದಾ ಅಂತ ಕೇಳಿ. ಅರ್ತಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಡಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಬಗ್ಗೆ ರಾಜಿಯೇ ಬೇಡ, ಅಲ್ಲಿ ನೀರಿದೆ, ಮಕ್ಕಳಿದ್ದಾರೆ.

ಮಕ್ಕಳು ಅಂದಾಗ ಇದನ್ನೂ ಹೇಳಲೇಬೇಕು. ಕೊಳದ ತಳದ ಡ್ರೈನ್ ಮುಚ್ಚಳಕ್ಕೆ ಇಷ್ಟೇ ನೀರು ಎಳೆಯಬಹುದು ಅನ್ನುವ ಮಿತಿ ಇರುತ್ತದೆ. ಹಳೇ ಕೊಳಕ್ಕೆ ಜೋರಿನ ಹೊಸ ಪಂಪು ಕೂರಿಸಿದರೆ ಆ ಮಿತಿ ದಾಟಬಹುದು. ಕೂದಲು, ಕೈಕಾಲು ಎಳೆದು ಹಿಡಿದುಕೊಳ್ಳುವ ಅಪಾಯ ಆಗಲೇ ಬರುವುದು. ಅನೇಕ ಪಂಪುಗಳ ಮೆನುವಿನಲ್ಲಿ ಗರಿಷ್ಠ ವೇಗಕ್ಕೆ ಬೀಗ ಹಾಕಬಹುದು. ಕೂರಿಸಿದ ದಿನವೇ ಹಾಕಿಸಿ.

ಅಂಗಡಿಯಲ್ಲಿ ಏನು ಕೇಳಬೇಕು ಅಂತೀರಾ? ಅಮೆರಿಕದಲ್ಲಿ 2021ರ ಜುಲೈ 19ರಿಂದ ಪೂಲ್ ಪಂಪುಗಳಿಗೆ ಹೊಸ ನಿಯಮ ಬಂತು. ಅಲ್ಲಿ ಪಂಪನ್ನು ಅಳೆಯುವುದು ಒಂದು ಯೂನಿಟ್ ಕರೆಂಟಿಗೆ ಎಷ್ಟು ನೀರು ಸಾಗಿಸುತ್ತದೆ ಅನ್ನುವುದರಿಂದ, ಅದರಲ್ಲೂ ನಿಧಾನ ವೇಗದ ಅಂಕಿಗೇ ಜಾಸ್ತಿ ಬೆಲೆ. ನೀವೂ ಹಾಗೇ ಕೇಳಿ. 1,200ರಲ್ಲಿ ಎಷ್ಟು ನೀರು, ಎಷ್ಟು ವ್ಯಾಟ್? 1,500ರಲ್ಲಿ? ಯಾವ ವೇಗಕ್ಕೆ ಎಷ್ಟು ನೀರು ಅಂತ ತೋರಿಸುವ ಕರ್ವ್ ತೋರಿಸಿ. ಈ ಉತ್ತರ ಕೊಡಲಾಗದೆ "70 ಪರ್ಸೆಂಟ್ ಉಳಿಯುತ್ತೆ ಸಾರ್" ಅಂತ ಮಾತ್ರ ಹೇಳುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. ಕೂರಿಸಿದವರು ಹೋಗುವ ಮುಂಚೆ ವೇಗ ಎಷ್ಟಕ್ಕೆ ಇಟ್ಟಿದ್ದಾರೆ ಅಂತ ಕಡ್ಡಾಯವಾಗಿ ನೋಡಿ. ನನ್ನ ಪಂಪು ಕೂರಿಸಿದವರು 3,000ಕ್ಕೆ ಇಟ್ಟು, ಎಂಟು ಗಂಟೆ ಅಂತ ಟೈಮರ್ ಒತ್ತಿ ಹೊರಟಿದ್ದರು. ಕೇಳಿದರೆ "ನೀರು ಜೋರಾಗಿ ಬಂದ್ರೆ ಕಸ್ಟಮರ್‌ಗೆ ಖುಷಿ" ಅಂದರು.

ಎಲ್ಲರೂ ಕೊಳ್ಳಲೇಬೇಕು ಅಂತ ನಾನು ಹೇಳುವುದಿಲ್ಲ. ಕೊಳ ತೀರಾ ಚಿಕ್ಕದು, ವರ್ಷದಲ್ಲಿ ಕೆಲವೇ ವಾರ ನೀರು ತುಂಬಿಸುವುದು, ಚಿಕ್ಕ ಪಂಪು ದಿನಕ್ಕೆ ಎರಡು ಗಂಟೆ ಓಡಿದರೆ ಸಾಕು ಅನ್ನುವವರಿಗೆ ಹಾಕಿದ ದುಡ್ಡು ವಾಪಸ್ ಬರಲು ಬಹಳ ಕಾಲ ಬೇಕು. ಹೀಟರಿಗೋ ಜಲಪಾತಕ್ಕೋ ಅಂತ ದಿನವಿಡೀ ಪೂರ್ತಿ ವೇಗ ಬೇಕಾದವರಿಗೂ ಅಷ್ಟೇ. ಇಂಥವರು ಇರುವ ಪಂಪನ್ನೇ ಇಟ್ಟುಕೊಂಡು, ಫಿಲ್ಟರಿನ ಹತ್ತಿರ ಒಂದರ ಪಕ್ಕ ಒಂದು ಹಾಕಿರುವ ಎಲ್ಬೋಗಳನ್ನು ಪ್ಲಂಬರ್ ಕೈಲಿ ಕಮ್ಮಿ ಮಾಡಿಸಲಿ. ಅದಕ್ಕೆ ಒಂದು ಮಧ್ಯಾಹ್ನದ ಕೆಲಸ ಸಾಕು.