ಅರ್ಧ ಮಾಡಲು ಮರೆತಿರಾ?

ಉತ್ತರದ ಕೆಳಗೆ ಠೀವಿಯಿಂದ ಎರಡು ಗೆರೆ ಎಳೆದು, ಪೆನ್ನಿನ ಕ್ಯಾಪ್ ಹಾಕಿ, ಪುಸ್ತಕದ ಕೊನೆಯ ಪುಟ ತಿರುವಿ ನೋಡುತ್ತೀರಿ. ನಿಮ್ಮದು 6,160. ಅವರದು 1,540. ಹತ್ತಿಪ್ಪತ್ತು ಹೆಚ್ಚುಕಡಿಮೆ ಆಗಿದ್ದರೆ ಗುಣಾಕಾರದಲ್ಲಿ ಎಡವಿದೆವು ಅಂದುಕೊಂಡು ಸುಮ್ಮನಾಗಬಹುದಿತ್ತು. ಇದು ಸರಿಯಾಗಿ ನಾಲ್ಕು ಪಟ್ಟು! ಸಿಲಿಂಡರಿನ ಘನಫಲದ ಲೆಕ್ಕದಲ್ಲಿ ಉತ್ತರ ಕರಾರುವಾಕ್ಕಾಗಿ ನಾಲ್ಕು ಪಟ್ಟು ಬಂತೆಂದರೆ ರೋಗ ಪತ್ತೆಗೆ ಬೇರೆ ಪರೀಕ್ಷೆ ಬೇಡ. ಅವರು ಕೊಟ್ಟದ್ದು ವ್ಯಾಸ, ನೀವು ಅದನ್ನು ಕೂರಿಸಿದ್ದು ತ್ರಿಜ್ಯದ ಕುರ್ಚಿಯಲ್ಲಿ.

ನನ್ನ ಸಿಟ್ಟೇನಿದ್ದರೂ ಪ್ರಶ್ನೆ ಬರೆದವರ ಮೇಲೆ. ಸೂತ್ರಕ್ಕೆ ಬೇಕಾದ್ದು ತ್ರಿಜ್ಯ ಅಂತ ಅವರಿಗೆ ಚೆನ್ನಾಗಿ ಗೊತ್ತು. ಪಾದದ ವಿಸ್ತೀರ್ಣ ಪೈ × ತ್ರಿಜ್ಯ × ತ್ರಿಜ್ಯ. ಅದನ್ನು ಎತ್ತರದಿಂದ ಗುಣಿಸಿದರೆ ಮುಗಿಯಿತು. ನಾಣ್ಯದ ಮೇಲೆ ನಾಣ್ಯ ಪೇರಿಸಿದಷ್ಟೇ ಸಲೀಸು. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟರೆ ಹೇಗೆ ಅಂತ ಇವರು ವ್ಯಾಸ ಕೊಡುತ್ತಾರೆ. ಅದನ್ನೂ ನೆಟ್ಟಗೆ ಹೇಳುವುದಿಲ್ಲ. ‘ಬಾಯಿಯ ಅಗಲ 14 ಸೆಂ.ಮೀ.’ ಎನ್ನುತ್ತಾರೆ, ‘ಅಡ್ಡಳತೆ’ ಎನ್ನುತ್ತಾರೆ. ಇನ್ನೂ ಮುಂದೆ ಹೋದವರು ‘ಪಾದದ ಪರಿಧಿ 44 ಸೆಂ.ಮೀ.’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಪರಿಧಿ ಕೊಟ್ಟವರ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಅದನ್ನು ಕಂಡಕೂಡಲೇ ‘ಇದಕ್ಕೆ ಏನೋ ಮಾಡಬೇಕು’ ಅಂತ ಕೈ ತಡೆಯುತ್ತದೆ. ವ್ಯಾಸ ಹಾಗಲ್ಲ, ತ್ರಿಜ್ಯದ ವೇಷ ಹಾಕಿಕೊಂಡು ಬಂದು ಸದ್ದಿಲ್ಲದೆ ಸೂತ್ರದೊಳಗೆ ಕೂತುಬಿಡುತ್ತದೆ.

ಕೊನೆಯ ಸಾಲಿನಲ್ಲಿ ‘ಅಯ್ಯೋ, ಅದು ವ್ಯಾಸ!’ ಅಂತ ಜ್ಞಾನೋದಯವಾದವರ ಪಾಡು ಇನ್ನೊಂದು. ಅವರು 6,160ನ್ನು ಅರ್ಧ ಮಾಡಿ, 3,080 ಅಂತ ಬರೆದು, ಬಚಾವಾದೆ ಎಂದು ನಿಟ್ಟುಸಿರು ಬಿಡುತ್ತಾರೆ. ತ್ರಿಜ್ಯ ವರ್ಗವಾಗುತ್ತದೆ ಸ್ವಾಮಿ! ಎರಡು ಪಟ್ಟಿನ ತಪ್ಪು ಆ ಹೊತ್ತಿಗಾಗಲೇ ನಾಲ್ಕು ಪಟ್ಟಾಗಿ ಬೆಳೆದು ನಿಂತಿರುತ್ತದೆ. ವರ್ಗ ಮಾಡುವ ಮೊದಲು ನೆನಪಾದರೆ ಎರಡರಿಂದ ಭಾಗಿಸಿ, ಆಮೇಲೆ ನೆನಪಾದರೆ ನಾಲ್ಕರಿಂದ. ಪ್ರಶ್ನೆ ಓದುವಾಗಲೇ 14ರ ಮೇಲೆ ಗೆರೆ ಹೊಡೆದು ಅದರ ತಲೆಯ ಮೇಲೆ 7 ಅಂತ ಬರೆದುಬಿಟ್ಟರೆ ಈ ತಾಪತ್ರಯವೇ ಇಲ್ಲ. ಆದರೆ ಹಾಗೆ ಬರೆಯುವವರಿಗೆ ಈ ಲೇಖನವೂ ಬೇಕಿಲ್ಲ.

ಇದೆಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಪೈಪು ಮತ್ತು ಟ್ಯಾಂಕಿನ ಲೆಕ್ಕ. ಪೈಪಿನ ಒಳವ್ಯಾಸ 1.4 ಸೆಂ.ಮೀ., ಅದರಲ್ಲಿ ನೀರು ನಿಮಿಷಕ್ಕೆ 6 ಮೀಟರ್ ವೇಗದಲ್ಲಿ ಹರಿಯುತ್ತದೆ. ಟ್ಯಾಂಕಿನ ವ್ಯಾಸ 70 ಸೆಂ.ಮೀ., ಎತ್ತರ 60 ಸೆಂ.ಮೀ. ತುಂಬಲು ಎಷ್ಟು ಹೊತ್ತು? ನಿಮಿಷಕ್ಕೆ ಹೊರಬರುವ ನೀರನ್ನು 600 ಸೆಂ.ಮೀ. ಉದ್ದದ ಸಪೂರ ಸಿಲಿಂಡರ್ ಅಂದುಕೊಳ್ಳಿ. ತ್ರಿಜ್ಯ 0.7, ಹಾಗಾಗಿ 924 ಘನ ಸೆಂ.ಮೀ. ಟ್ಯಾಂಕಿನ ತ್ರಿಜ್ಯ 35, ಹಾಗಾಗಿ 2,31,000 ಘನ ಸೆಂ.ಮೀ. ಭಾಗಿಸಿದರೆ 250 ನಿಮಿಷ. ನಾಲ್ಕು ಗಂಟೆ ಹತ್ತು ನಿಮಿಷ ಇಷ್ಟು ಸಣ್ಣ ಪೈಪಿನ ಮುಂದೆ ಕಾಯುವ ತಾಳ್ಮೆ ಯಾರಿಗಿದೆಯೋ, ಇರಲಿ. ಇಬ್ಬರು ಈ ಲೆಕ್ಕ ಮಾಡಿದರು ಅಂತಿಟ್ಟುಕೊಳ್ಳಿ. ಮೊದಲನೆಯವರು ಟ್ಯಾಂಕಿನ ವ್ಯಾಸವನ್ನು ಮುತುವರ್ಜಿಯಿಂದ ಅರ್ಧ ಮಾಡಿ ಪೈಪಿನದ್ದನ್ನು ಮರೆತರು, ಉತ್ತರ 62.5 ನಿಮಿಷ, ಅಂಕ ಸೊನ್ನೆ. ಎರಡನೆಯವರು ವ್ಯಾಸ ಎಂಬ ಪದವನ್ನೇ ಗಮನಿಸಲಿಲ್ಲ, ಎರಡೂ ಕಡೆ ಹಾಗೇ ಹಾಕಿದರು. 9,24,000ವನ್ನು 3,696ರಿಂದ ಭಾಗಿಸಿದರು. ಬಂದದ್ದು? 250! ಮೇಲಿನ ನಾಲ್ಕೂ ಕೆಳಗಿನ ನಾಲ್ಕೂ ಪರಸ್ಪರ ಕ್ಯಾನ್ಸಲ್. ಅರ್ಧ ಎಚ್ಚರ ಇದ್ದವರಿಗೆ ಶಿಕ್ಷೆ, ಪೂರ್ತಿ ಮೈಮರೆತವರಿಗೆ ಸರಿ ಗುರುತು. ಅಂದಹಾಗೆ ಆ ಲೆಕ್ಕದಲ್ಲಿ ಪೈ ಕೂಡ ಕ್ಯಾನ್ಸಲ್ ಆಗುತ್ತದೆ. 22/7ನ್ನು ಎರಡೆರಡು ಸಲ ಗುಣಿಸಿ ಬೆವರು ಸುರಿಸಿದ್ದೆಲ್ಲ ದಂಡ.

22/7 ಎಂದಾಗ ನೆನಪಾಯಿತು. ಗಣಿತ ಪುಸ್ತಕದ ಸಿಲಿಂಡರ್‌ಗಳೆಲ್ಲ ಏಳರ ಮಗ್ಗಿಯಲ್ಲೇ ಹುಟ್ಟುತ್ತವೆ: 3.5, 7, 14, 21. ಛೇದದಲ್ಲಿರುವ ಏಳನ್ನು ಹೊಡೆದುಹಾಕಲು ಅವತರಿಸಿದ ತ್ರಿಜ್ಯಗಳು. ಅಪ್ಪಿತಪ್ಪಿ ತ್ರಿಜ್ಯ 5 ಬಂತೋ, ಪ್ರಶ್ನೆಯನ್ನು ತಪ್ಪಾಗಿ ಬರೆದುಕೊಂಡೆವೇನೋ ಅಂತ ಎದೆ ಧಸಕ್ಕೆನ್ನುತ್ತದೆ. ಪಾಪ, 22/7ರಿಂದ ದೊಡ್ಡ ಮೋಸವೇನೂ ಇಲ್ಲ, ಸಾವಿರ ಲೀಟರಿಗೆ ಸುಮಾರು 400 ಮಿ.ಲೀ. ಹೆಚ್ಚು ತೋರಿಸುತ್ತದೆ, ಅಷ್ಟೆ. ಇನ್ನೂ ನಿಖರವಾಗಿ ಬೇಕೆಂದರೆ ಆರ್ಯಭಟ 499ರಲ್ಲೇ ದಾರಿ ಹೇಳಿದ್ದಾನೆ: 100ಕ್ಕೆ 4 ಕೂಡಿಸಿ, 8ರಿಂದ ಗುಣಿಸಿ, 62,000 ಸೇರಿಸಿ, 20,000 ವ್ಯಾಸದ ವೃತ್ತದ ಪರಿಧಿ ಹೆಚ್ಚುಕಡಿಮೆ ಇಷ್ಟು. ಭಾಗಿಸಿದರೆ 3.1416. ಗಮನಿಸಿದಿರಾ? ಆತನೂ ಕೊಟ್ಟದ್ದು ವ್ಯಾಸವನ್ನೇ!

ಮಾನಗಳ ಗೋಳು ಬೇರೆ. ಒಂದು ಮೀಟರಿಗೆ 100 ಸೆಂ.ಮೀ. ಅಂತ ನಿದ್ದೆಯಲ್ಲೂ ಹೇಳುವವರು ಒಂದು ಘನ ಮೀಟರಿಗೂ 100 ಘನ ಸೆಂ.ಮೀ. ಎಂದು ಬರೆಯುತ್ತಾರೆ. ಅದು 10,00,000. ಲೀಟರಿನಲ್ಲಿ 1,000.

ಇಷ್ಟೆಲ್ಲ ಬೈದ ಮೇಲೆ ಒಂದು ನಿಜವಾದ ಡಬ್ಬಿ ಎದುರಿಗಿಟ್ಟುಕೊಂಡು ಅದರ ತ್ರಿಜ್ಯ ಅಳೆಯಲು ಹೋಗಿ. ಎಲ್ಲಿಂದ ಅಳೆಯುತ್ತೀರಿ? ಕೇಂದ್ರ ಇರುವ ಕಡೆ ಬರೀ ಗಾಳಿ. ಸ್ಕೇಲನ್ನು ಬಾಯಿಯ ಮೇಲೆ ಅಡ್ಡಲಾಗಿ ಇಟ್ಟು, ಒಂದು ತುದಿಯನ್ನು ಅಂಚಿಗೆ ಒತ್ತಿ ಹಿಡಿದು, ಇನ್ನೊಂದನ್ನು ಆಚೀಚೆ ಸರಿಸಿದಾಗ ಸಿಗುವ ಅತಿ ದೊಡ್ಡ ಅಳತೆಯೇ ವ್ಯಾಸ. ಕೈಗೆ ಸಿಗುವುದು ಅದೊಂದೇ. ದಾರ ಸುತ್ತಿ ಪರಿಧಿ ಅಳೆದರೆ ಡಬ್ಬಿಯ ಗೋಡೆಯೂ ಲೆಕ್ಕಕ್ಕೆ ಸೇರುತ್ತದೆ: ಒಳವ್ಯಾಸ 14 ಇರುವ ಪಾತ್ರೆಗೆ ಬರೀ ಅರ್ಧ ಸೆಂ.ಮೀ. ದಪ್ಪದ ಗೋಡೆ ಇದ್ದರೂ ಘನಫಲ ಶೇ. 15ರಷ್ಟು ಉಬ್ಬುತ್ತದೆ. ಅಂದರೆ ಪ್ರಶ್ನೆ ಬರೆದವರ ಕಡೆಗೇ ನ್ಯಾಯವಿದೆ. ಇದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಈ ಆಕೃತಿಯನ್ನು ಮನಸಾರೆ ಪ್ರೀತಿಸಿದವನೂ ಒಬ್ಬನಿದ್ದ. ಗೋಳವೊಂದು ಸಿಲಿಂಡರಿನೊಳಗೆ ಮೇಲೆ, ಕೆಳಗೆ, ಸುತ್ತಲೂ ತಾಗುವಂತೆ ಕೂತರೆ ಗೋಳದ ಘನಫಲ ಸಿಲಿಂಡರಿನ ಮೂರನೇ ಎರಡು ಭಾಗ ಎಂದು ಸಾಧಿಸಿದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್, ತನ್ನ ಸಮಾಧಿಯ ಮೇಲೆ ಅವೆರಡರ ಚಿತ್ರವಿರಲಿ ಎಂದು ಕೇಳಿಕೊಂಡಿದ್ದನಂತೆ. ಅವನು ಸತ್ತು 137 ವರ್ಷವಾದ ಮೇಲೆ, ಕ್ರಿ.ಪೂ. 75ರಲ್ಲಿ, ರೋಮಿನ ವಾಗ್ಮಿ ಸಿಸೆರೊ ಆರ್ಕಿಮಿಡೀಸನ ಊರಾದ ಸಿರಾಕ್ಯೂಸಿಗೆ ಹೋದಾಗ ಊರಿನವರು ಅಂಥ ಸಮಾಧಿಯೇ ಇಲ್ಲ ಎಂದಿದ್ದರು. ಮುಳ್ಳುಕಂಟಿಗಳ ನಡುವೆ ತುಸುವೇ ತಲೆಯೆತ್ತಿದ್ದ ಸಣ್ಣ ಕಂಬದ ಮೇಲೆ ಅವನಿಗೆ ಕಂಡದ್ದು ಒಂದು ಗೋಳ, ಒಂದು ಸಿಲಿಂಡರ್. ಊರು ಮರೆತವನನ್ನು ಆ ಆಕೃತಿಯೇ ಕಾದುಕೊಂಡಿತ್ತು. ಅದನ್ನೇ ನಾವಿಲ್ಲಿ ದಿನವೂ ಶಪಿಸುತ್ತ ಕೂತಿದ್ದೇವೆ.

ಸರಿ, ಮುಂದಿನ ಲೆಕ್ಕ. ‘ಟೊಳ್ಳು ಲೋಹದ ಕೊಳವೆಯ ಹೊರವ್ಯಾಸ 16 ಸೆಂ.ಮೀ., ಗೋಡೆಯ ದಪ್ಪ 10 ಮಿ.ಮೀ., ಉದ್ದ 21 ಸೆಂ.ಮೀ. ಲೋಹದ ಘನಫಲವೆಷ್ಟು?’ ಉತ್ತರ 990 ಘನ ಸೆಂ.ಮೀ. ನಿಮಗೆ 66 ಬಂದಿದ್ದರೆ 8 ಮತ್ತು 7ನ್ನು ಮೊದಲು ಕಳೆದು ಆಮೇಲೆ ವರ್ಗ ಮಾಡಿದ್ದೀರಿ. 511.5 ಬಂದಿದ್ದರೆ ಗೋಡೆಯನ್ನು ಒಂದೇ ಕಡೆ ಕಳೆದಿದ್ದೀರಿ; ಕೊಳವೆಗೆ ಆ ಕಡೆಯೂ ಗೋಡೆ ಇದೆ. ಮತ್ತೆ 3,960 ಬಂದಿದೆಯೇ? ಮೊದಲ ಪ್ಯಾರಾಕ್ಕೆ ವಾಪಸ್ ಹೋಗಿ.