ಆನೆ ಅಂದ್ರೆ ಆನೆ ಅಲ್ವಂತೆ!

ಮಡಿಕೇರಿಯಲ್ಲಿ ನಾಲ್ಕು ಜನರ ನಡುವೆ ಓದಿಕೊಂಡವರು ಅನ್ನಿಸಿಕೊಳ್ಳಬೇಕಾದರೆ ಈಗ ಆನೆಯ ಕಾದಂಬರಿಯೊಂದನ್ನು ಹೊಗಳಲೇಬೇಕು. ಅದರಲ್ಲಿ ಆನೆಗೆ ಕನಸು ಬೀಳುತ್ತದೆ. ಕನಸಿನಲ್ಲಿ ಮೀನು ಬರುತ್ತದೆ. ಮೀನು ಸತ್ತ ಅಜ್ಜಿಯ ದನಿಯಲ್ಲಿ ಮನೆ ಬಾಡಿಗೆ ಕೇಳುತ್ತದೆ. ಪುಸ್ತಕ ಮುಗಿದರೂ ಆನೆ ಬಾಡಿಗೆ ಕೊಡುವುದಿಲ್ಲ.

ಚರ್ಚೆಗೆ ಬಂದಿದ್ದ ವಿಮರ್ಶಕರು, "ಇಲ್ಲಿ ಆನೆ ಅಂದರೆ ಆನೆಯಲ್ಲ, ಗೈರುಹಾಜರಿ" ಅಂದರು. ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿದ್ದ ಸಿದ್ದಾಪುರದ ಬೆಳೆಗಾರರೊಬ್ಬರು ಎದ್ದು, "ಗೈರುಹಾಜರಿ ಆಗಿದ್ರೆ ಚೆನ್ನಾಗಿತ್ತು ಸಾರ್. ನಿನ್ನೆ ರಾತ್ರಿ ಹಲಸಿನ ಮರದ ಕೆಳಗೆ ಹಾಜರಿತ್ತು. ಮರಿ ಸಮೇತ" ಅಂದರು. ಅವರಿಗೆ ಸಾಹಿತ್ಯದ ಅಭಿರುಚಿ ಸಾಲದು ಅಂತ ತೀರ್ಮಾನವಾಯಿತು.

ಪ್ರಾಣಿ ಮಾತಾಡಿದರೆ ನಮಗೇನೂ ಮುಜುಗರವಿಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದ. ಅಲ್ಲಿ ನರಿ ಸಿಂಹಕ್ಕೂ ಎತ್ತಿಗೂ ತಂದಿಡುತ್ತದೆ. ಚಾಲುಕ್ಯರ ಬಳಿ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಾನ ನೋಡಿಕೊಳ್ಳುವ ಮಂತ್ರಿಯಾಗಿದ್ದವನು, ನರಿಗಳನ್ನು ದಿನಾ ನೋಡಿರಬೇಕು ಬಿಡಿ. ಜರ್ಮನ್ ಭಾಷೆಯ ಕಥೆಗಾರ ಕಾಫ್ಕಾ 1915ರಲ್ಲಿ ಬಂದ ಕಥೆಯಲ್ಲಿ ಒಬ್ಬ ಸೇಲ್ಸ್‌ಮನ್‌ನನ್ನು ಬೆಳಗಾಗುವುದರೊಳಗೆ ಹುಳ ಮಾಡಿದ. ಹುಳ ಆದವನ ಚಿಂತೆ ಏನು? ಐದು ಗಂಟೆ ರೈಲು ತಪ್ಪಿತಲ್ಲ, ಆಫೀಸಿನವರು ಏನಂತಾರೋ! ರೈಲೇ ಇಲ್ಲದ ಕೊಡಗಿನವರಿಗೂ ಇದು ಅರ್ಥವಾಗುತ್ತದೆ. ಕಾಫ್ಕಾ ಬದಲಾಯಿಸಿದ್ದು ಒಂದನ್ನೇ, ಉಳಿದದ್ದೆಲ್ಲ ನಮ್ಮ ನಿಮ್ಮ ಮನೆಯದ್ದೇ. ಈಗಿನವರು ಎಲ್ಲವನ್ನೂ ಬದಲಾಯಿಸುತ್ತಾರೆ. ಆಮೇಲೆ ಗೊತ್ತಾಗಲಿಲ್ಲ ಅಂದರೆ ತಪ್ಪು ನಮ್ಮದು.

ಅಲ್ಲದೆ ಇಲ್ಲಿನ ಓದುಗರನ್ನು ಬೆರಗುಗೊಳಿಸುವುದು ಸುಲಭವಲ್ಲ. ನಮ್ಮ ಆನೆಗಳು ಶಾಕ್ ಹೊಡೆಯುವ ಸೋಲಾರ್ ಬೇಲಿಯ ತಂತಿ ಮುಟ್ಟುವುದಿಲ್ಲ. ಪಕ್ಕದ ಒಣಮರ ದೂಡಿ ತಂತಿ ಮೇಲೆ ಕೆಡವುತ್ತವೆ, ಆರಾಮಾಗಿ ದಾಟುತ್ತವೆ. ಕೆಲವಕ್ಕೆ ಕುತ್ತಿಗೆಗೆ ರೇಡಿಯೋ ಕಾಲರ್ ಇದೆ. ಎಲ್ಲಿವೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಓದುವಾಗ ಹಿತ್ತಲಲ್ಲಿ ಬಾಳೆ ಮುರಿಯುವ ಸದ್ದು ಕೇಳುತ್ತಿರುತ್ತದೆ. ಬೆಳಿಗ್ಗೆ ಪರಿಹಾರದ ಅರ್ಜಿಗೆ ಪಹಣಿ ಬೇಕು, ಫೋಟೋ ಬೇಕು. ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಅಂದರೆ ಇಲ್ಲೂ ಸತ್ತವರೇ ದುಡ್ಡು ಕೇಳಬೇಕು. ಕಾದಂಬರಿಕಾರರು ಇದನ್ನು ಎಲ್ಲಿಂದ ಎತ್ತಿದರು ಅಂತ ನನಗೀಗ ಅನುಮಾನ.

ಮುಂದಿನ ಚರ್ಚೆ ಹುಲಿಯ ಕಾದಂಬರಿ ಮೇಲಂತೆ. ಅದರಲ್ಲಿ ಹುಲಿ ಅಂದರೆ ಮೌನ. ಸಮಯ ಸಂಜೆ ಆರು. ಪೊನ್ನಂಪೇಟೆ ಕಡೆಯವರು ಈಗಲೇ ಕೈಮುಗಿದಿದ್ದಾರೆ. ವಾಪಸ್ ಹೋಗುವ ದಾರಿಯಲ್ಲಿ ಮೌನ ಅಡ್ಡ ಬಂದರೆ ಕಷ್ಟ ಅಂತ.