ಸ್ಪಷ್ಟನೆ: ಗುಂಪಿನಲ್ಲಿ ಅಳಿಸಿದ ಪಾಸ್‌ವರ್ಡ್ ಅಳಿದಂತಲ್ಲ

ಆಫೀಸಿನ ವಾಟ್ಸ್‌ಆಪ್ ಗುಂಪಿಗೆ ಪಾಸ್‌ವರ್ಡನ್ನೋ ಆಧಾರ್ ಪ್ರತಿಯನ್ನೋ ಹಾಕಿ, ಕೆಲಸ ಮುಗಿದ ಮೇಲೆ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿದರೆ ಸಾಕು ಎಂಬ ಮಾತು ಮೈಸೂರು, ಮಂಡ್ಯದ ಕಚೇರಿಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಆಯ್ಕೆ ಇರುವುದೇ ಕಳಿಸಿದ ಎರಡು ದಿನಗಳ ಆಸುಪಾಸು. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ, ಸ್ಕ್ರೀನ್‌ಶಾಟ್ ತೆಗೆದಿದ್ದರೆ ಆ ಪ್ರತಿ ಹಾಗೇ ಉಳಿಯುತ್ತದೆ. ಐಫೋನಿನ ಫೋಟೊಗಳಿಗೆ ಸೇವ್ ಆದ ಚಿತ್ರವೂ ಅಷ್ಟೆ. ಆಂಡ್ರಾಯ್ಡ್ 11ರಿಂದೀಚಿನ ಫೋನಿನಲ್ಲಿ ನೋಟಿಫಿಕೇಶನ್ ಹಿಸ್ಟರಿ (ಬಂದ ನೋಟಿಫಿಕೇಶನ್‌ಗಳ ಪಟ್ಟಿ) ಆನ್ ಇದ್ದರೆ ಅಳಿಸಿದ ಸಾಲುಗಳು ಅಲ್ಲಿ ಕಾಣಸಿಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಹಂಚಿಕೊಂಡು ಬಳಸುವ ಕಂಪ್ಯೂಟರ್. ಹೆಬ್ಬಾಳದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಮೂರು ಪಾಳಿಯವರೂ ಒಂದೇ ಯಂತ್ರದಲ್ಲಿ ವಾಟ್ಸ್‌ಆಪ್ ವೆಬ್ ತೆರೆಯುತ್ತಾರೆ ಎಂದಿಟ್ಟುಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದ ಆಧಾರ್ ಪಿಡಿಎಫ್ ಮುಂದಿನ ಪಾಳಿಯವರ ಕಣ್ಣೆದುರೇ ಇರುತ್ತದೆ.

ಪಾಸ್‌ವರ್ಡ್ ಗುಂಪಿಗೆ ಬಿದ್ದಿದ್ದರೆ ಮೊದಲು ಅದನ್ನೇ ಬದಲಿಸಿ, ಸಂದೇಶ ಅಳಿಸುವುದು ಆಮೇಲೆ. ಆಧಾರ್ ಕೊಡಲೇಬೇಕಾದರೆ ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ತಾಣದಿಂದ ಮಾಸ್ಕ್ಡ್ ಪ್ರತಿ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಅದನ್ನೂ ಗುಂಪಿಗೆ ಹಾಕದೆ ಸಂಬಂಧಪಟ್ಟವರೊಬ್ಬರಿಗೇ ಕಳಿಸಿ. ಪಾಳಿ ಮುಗಿದಾಗ ಫೋನಿನ ವಾಟ್ಸ್‌ಆಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಕಂಪ್ಯೂಟರನ್ನು ಲಾಗ್ ಔಟ್ ಮಾಡಿ.